ಬದುಕಿದ್ದವನಿಗೆ ಬಂದ ಶ್ರದ್ಧಾಂಜಲಿ

"ಗುರುಗಳೇ, ಟಿ.ವಿ. ಹಾಕಿದರೆ ಸುಳ್ಳು, ಫೋನು ತೆರೆದರೆ ಸುಳ್ಳು, ವೇದಿಕೆ ಹತ್ತಿದವರ ಬಾಯಲ್ಲೂ ಸುಳ್ಳು. ಈ ಕಾಲದಲ್ಲಿ ಮನುಷ್ಯ ನಿಜ ಹೇಳುವುದು ಯಾವಾಗ?" ಎಂದು ಶಿಷ್ಯ ಕೇಳಿದ.

ಗುರುಗಳು ಓದುತ್ತಿದ್ದ ಪತ್ರಿಕೆಯನ್ನು ಮಡಿಸಿಟ್ಟರು. "ಒಬ್ಬ ಲೈನ್‌ಮನ್ ಕತೆ ಹೇಳುತ್ತೇನೆ, ಕೇಳು" ಎಂದರು.

ಬಯಲುಸೀಮೆಯ ಒಂದು ಹೋಬಳಿ ಊರಿನಲ್ಲಿ ತಿಪ್ಪೇಸ್ವಾಮಿ ಎಂಬ ಲೈನ್‌ಮನ್ ಇದ್ದ. ಇಪ್ಪತ್ತೆಂಟು ವರ್ಷ ಕಂಬ ಹತ್ತಿದವನು. ಕರೆಂಟು ಹೋಯಿತು ಎಂದು ಹೇಳಲು ಜನ ಅವನಿಗೆ ಫೋನು ಮಾಡುತ್ತಿದ್ದರು. ಬಂತು ಎಂದು ಹೇಳಲು ಒಬ್ಬರೂ ಮಾಡಿರಲಿಲ್ಲ. ಅದಕ್ಕೆ ಅವನಿಗೆ ಬೇಸರವೇನೂ ಇರಲಿಲ್ಲ. ಕರೆಂಟು ಬಂದ ಮೇಲೆ ಜನ ತಮ್ಮ ತಮ್ಮ ಕೆಲಸಕ್ಕೆ ಹೋಗುತ್ತಾರೆ, ಹೋಗಲಿ ಎಂದೇ ಅಲ್ಲವೇ ಕೊಡುವುದು ಎಂದುಕೊಳ್ಳುತ್ತಿದ್ದ.

ಒಂದು ಬೇಸಿಗೆಯ ಮಧ್ಯಾಹ್ನ ಸಂತೆಬೀದಿಯ ಕಂಬದ ಮೇಲೆ ಅವನಿಗೆ ತಲೆ ಸುತ್ತಿತು. ಸೊಂಟಕ್ಕೆ ಬೆಲ್ಟ್ ಇತ್ತು, ಬೀಳಲಿಲ್ಲ. ಜೊತೆಗಿದ್ದವರು ಮೆಲ್ಲನೆ ಇಳಿಸಿ, ಬೇವಿನ ಮರದ ಕೆಳಗೆ ಮಲಗಿಸಿ, ಮುಖಕ್ಕೆ ನೀರು ಚಿಮುಕಿಸಿದರು. ಆ ದಾರಿಯಲ್ಲಿ ಹೋಗುತ್ತಿದ್ದ ಒಬ್ಬ ಬೈಕು ನಿಲ್ಲಿಸಿ, ಇಪ್ಪತ್ತು ಸೆಕೆಂಡು ವಿಡಿಯೋ ಮಾಡಿಕೊಂಡು ಹೊರಟುಹೋದ. ತಿಪ್ಪೇಸ್ವಾಮಿ ಎದ್ದು ಕುಳಿತದ್ದು ಆಮೇಲೆ. ನಿಂಬೆ ಶರಬತ್ತು ಕುಡಿದು, ಇವತ್ತು ಕೆಲಸ ಸಾಕು ಎಂದು ಕರೆಂಟು ಆಫೀಸಿನ ಸಾಹೇಬರು ಹೇಳಿದ್ದರಿಂದ ಮನೆಗೆ ನಡೆದ.

ವಿಡಿಯೋ ಊರಿನ ವಾಟ್ಸಾಪ್ ಗುಂಪಿಗೆ ಬಂತು. ಲೈನ್‌ಮನ್ ಬಿದ್ದಿದ್ದಾರೆ ಎಂದು ಒಬ್ಬ ಬರೆದ. ಶಾಕ್ ಹೊಡೆದಿರಬೇಕು ಎಂದು ಇನ್ನೊಬ್ಬ ಬರೆದ. ತೀರಿಹೋದರಂತೆ ಎಂದು ಮೂರನೆಯವನು ಬರೆದ. ನಾಲ್ಕನೆಯವನು 'ಅಂತೆ'ಯನ್ನು ತೆಗೆದ. ಸ್ವಲ್ಪ ಹೊತ್ತಿನಲ್ಲಿ ಟಿ.ವಿ.ಯ ಕೆಳಗೆ ಕೆಂಪು ಅಕ್ಷರ ಓಡತೊಡಗಿತು. ಚುನಾವಣೆಗೆ ನಿಲ್ಲಲಿದ್ದ ಒಬ್ಬ ಮುಖಂಡನ ಕಡೆಯವರು ಕಪ್ಪು ಅಂಚಿನ ಶ್ರದ್ಧಾಂಜಲಿ ಚಿತ್ರ ಮಾಡಿ ಕಳಿಸಿದರು. ಅದರಲ್ಲಿ ಮುಖಂಡನ ಕೈಮುಗಿದ ಫೋಟೋ ದೊಡ್ಡದಾಗಿತ್ತು. ಸತ್ತವನದು ಮೂಲೆಯಲ್ಲಿತ್ತು.

ಪಕ್ಕದ ಮನೆಯ ಗಂಗಕ್ಕ ಅಳುತ್ತಲೇ ತಿಪ್ಪೇಸ್ವಾಮಿಯ ಮನೆಯೊಳಗೆ ಬಂದಳು. ತಿಪ್ಪೇಸ್ವಾಮಿ ಊಟಕ್ಕೆ ಕುಳಿತಿದ್ದ. ಅವನ ಹೆಂಡತಿ ಓಬಮ್ಮ ಬಡಿಸುತ್ತಿದ್ದಳು. ಗಂಗಕ್ಕ ಬಾಯಿ ತೆರೆದವಳು ಹಾಗೆಯೇ ನಿಂತು, ಕೈಯಲ್ಲಿದ್ದ ಫೋನನ್ನು ಓಬಮ್ಮನ ಮುಂದೆ ಹಿಡಿದಳು.

ಓಬಮ್ಮ ಓದಿದಳು. ಬಂದು ಗಂಡನ ನೆತ್ತಿಯ ಮೇಲೆ ಅಂಗೈ ಇಟ್ಟಳು. ಬಿಸಿ ತಾಗಿದ ಮೇಲೆ ಕೈ ತೆಗೆದಳು.

"ಬದುಕಿದೀನಿ ಅಂತ ಈಗಲೇ ಹಾಕಿಬಿಡಿ" ಎಂದಳು.

ಅವನು ಕೈತೊಳೆದು ತನ್ನ ಫೋನು ತೆಗೆದ. ಬರೆಯಬೇಕೆಂದುಕೊಂಡ. ಅಷ್ಟರಲ್ಲಿ ಗುಂಪಿನಲ್ಲಿ ಒಂದರ ಕೆಳಗೆ ಒಂದು ಬರಹ ಬರುತ್ತಿತ್ತು. ಓದತೊಡಗಿದ.

ಹಿಟ್ಟಿನ ಗಿರಣಿಯ ಶಾರದಮ್ಮ ಬರೆದಿದ್ದಳು: "ಹೋದ ವರ್ಷ ಬಿರುಗಾಳಿಗೆ ತಂತಿ ಹರಿದಾಗ ಮೂರು ಗಂಟೆ ನಮ್ಮ ಗಿರಣಿ ಮುಂದಿನ ಕಂಬದ ಮೇಲಿದ್ದರು. ತಡವಾಯಿತು ಅಂತ ನಾನು ಕೆಳಗೆ ನಿಂತು ಬೈದೆ. ಕುಡಿಯಲು ನೀರು ಬೇಕೇ ಅಂತ ಕೇಳಲಿಲ್ಲ."

ಇನ್ನೊಬ್ಬ ಬರೆದಿದ್ದ: "ನಮ್ಮ ತಂದೆಗೆ ಮನೆಯಲ್ಲಿ ಆಕ್ಸಿಜನ್ ಮಷೀನು ಇಟ್ಟಿದ್ದೆವು. ಲೈನು ಬಂದ್ ಮಾಡುವ ಮುಂಚೆ ಪ್ರತಿ ಸಲವೂ ಮನೆ ಬಾಗಿಲಿಗೆ ಬಂದು ಹೇಳಿ ಹೋಗುತ್ತಿದ್ದರು. ಅದು ಅವರ ಕೆಲಸವಾಗಿರಲಿಲ್ಲ. ಒಂದು ಮಾತು ಹೇಳಬೇಕು ಅಂತ ಆರು ವರ್ಷದಿಂದ ಅಂದುಕೊಳ್ಳುತ್ತಲೇ ಇದ್ದೆ."

ತಿಪ್ಪೇಸ್ವಾಮಿ ಓದುತ್ತಾ ಹೋದ. ಆ ಮಷೀನಿನ ಮನೆ ಅವನಿಗೆ ನೆನಪಿತ್ತು. ಕಂಬದ ಮೇಲಿದ್ದಾಗ ಬೈಸಿಕೊಂಡದ್ದು ನೆನಪಿರಲಿಲ್ಲ.

"ಏನು ನೋಡ್ತಾ ಕೂತಿರಿ? ಹಾಕಿದ್ರಾ?" ಎಂದಳು ಓಬಮ್ಮ.

"ತಡಿ. ಇನ್ನೂ ಬರ್ತಿದೆ."

"ಜನ ಹಾರ ತಗೊಂಡು ಮನೆಗೆ ಬಂದುಬಿಡ್ತಾರೆ."

ಆಗ ಅವನು ಬರೆದ: "ನಾನು ಬದುಕಿದ್ದೇನೆ. ಬಿಸಿಲಿಗೆ ತಲೆ ಸುತ್ತಿತ್ತು, ಅಷ್ಟೆ. ತಿಪ್ಪೇಸ್ವಾಮಿ, ಲೈನ್‌ಮನ್."

ಗುಂಪಿನಲ್ಲಿ ಎಲ್ಲರಿಗೂ ಸಂತೋಷವಾಯಿತು. ಸಂತೋಷ ಐದು ನಿಮಿಷ ಇತ್ತು. ಆಮೇಲೆ ಒಬ್ಬ ಕೇಳಿದ: "ಹಾಗಾದರೆ ಸಂತೆಬೀದಿಗೆ ಕರೆಂಟು ಎಷ್ಟು ಹೊತ್ತಿಗೆ ಬರುತ್ತದೆ?" ಮುಖಂಡನ ಕಡೆಯವರು ಕಪ್ಪು ಅಂಚು ತೆಗೆದು ಹೂವಿನ ಅಂಚು ಹಾಕಿ, ನೂರು ಕಾಲ ಬಾಳಿ ಎಂದು ಅದೇ ಚಿತ್ರವನ್ನು ಮತ್ತೆ ಕಳಿಸಿದರು. ಫೋಟೋಗಳ ಅಳತೆ ಬದಲಾಗಿರಲಿಲ್ಲ. ಟಿ.ವಿ.ಯವರು ಅವನ ಸಾವನ್ನು ಎಂಟು ಸಲ ಹೇಳಿದ್ದರು. ಅವನು ಬದುಕಿರುವುದನ್ನು ಒಂದು ಸಲವೂ ಹೇಳಲಿಲ್ಲ. ಬದುಕಿರುವುದು ಸುದ್ದಿಯಲ್ಲ.

ಹೊಗಳಿ ಬರೆದವರಿಗೆ ನಾಚಿಕೆಯಾಯಿತು. ಬೈದಾಗ ಆಗಿರಲಿಲ್ಲ. ಕೆಲವರು ಬರೆದದ್ದನ್ನು ಅಳಿಸಿದರು. ಸಂಜೆ ಅವನು ಗಿರಣಿಯ ಮುಂದೆ ಹೋಗುವಾಗ ಶಾರದಮ್ಮ ಜರಡಿ ಹುಡುಕುವವಳಂತೆ ಒಳಗೆ ಹೋದಳು.

ತಿಪ್ಪೇಸ್ವಾಮಿಗೆ ಅದರಿಂದ ನೋವಾಗಲಿಲ್ಲ. ಓದಬೇಕಾದದ್ದನ್ನು ಅವನು ಓದಿಯಾಗಿತ್ತು. ಇಪ್ಪತ್ತೆಂಟು ವರ್ಷ ತಾನು ಮಾಡಿದ್ದು ಯಾರ ಮನಸ್ಸಿನಲ್ಲೂ ನಿಂತಿಲ್ಲ ಎಂದುಕೊಂಡಿದ್ದ. ನಿಂತಿತ್ತು. ಅದು ಅವನಿಗೆ ಸಾಕಾಗಿತ್ತು. ಆದರೆ ಒಂದು ಮಾತು ಅವನನ್ನು ಬಿಡಲಿಲ್ಲ. ಆರು ವರ್ಷದಿಂದ ಅಂದುಕೊಳ್ಳುತ್ತಲೇ ಇದ್ದೆ ಎಂದು ಆ ಮನುಷ್ಯ ಬರೆದಿದ್ದ. ತನಗೆ ಉಪಕಾರ ಮಾಡಿದ ಒಬ್ಬರ ಬಗ್ಗೆ ತಾನು ಹಾಗೆ ಅಂದುಕೊಂಡದ್ದೂ ಇಲ್ಲ ಎಂಬುದು ಅವನಿಗೆ ಹೊಳೆಯಿತು.

ಅವನಿಗೆ ಕೆಲಸ ಕಲಿಸಿದವರು ಖಾಸಿಂ ಮೇಸ್ತ್ರಿ. ಕೆಲಸಕ್ಕೆ ಸೇರಿದ ಮೂರನೆಯ ವರ್ಷ ಒಂದು ದಿನ ಲೈನು ಬಂದ್ ಆಗಿದೆ ಎಂದುಕೊಂಡು ತಿಪ್ಪೇಸ್ವಾಮಿ ತಂತಿಗೆ ಕೈ ಚಾಚಿದ್ದ. ಬಂದ್ ಆಗಿದ್ದದ್ದು ಪಕ್ಕದ ಲೈನು. ಮೇಸ್ತ್ರಿ ಕೈಯಲ್ಲಿದ್ದ ಉದ್ದನೆಯ ಒಣ ಬಿದಿರಿನ ಕೋಲಿನಿಂದ ಅವನ ಮಣಿಕಟ್ಟಿಗೆ ಹೊಡೆದು ಕೈ ತಪ್ಪಿಸಿದರು. ಅವನು ಕೆಳಗಿಳಿದ ಮೇಲೆ ಎಲ್ಲರ ಮುಂದೆ ಕೆನ್ನೆಗೂ ಒಂದು ಕೊಟ್ಟರು. ಮದುವೆಯಾದವನಿಗೆ ಹತ್ತು ಜನರ ಮುಂದೆ ಏಟು ಬಿದ್ದದ್ದು ದೊಡ್ಡ ಅವಮಾನವಾಗಿ ಕಂಡಿತು. ಅವನು ವರ್ಗ ಕೇಳಿ ಈ ಊರಿಗೆ ಬಂದ. ಮತ್ತೆ ಅವರ ಮುಖ ನೋಡಿರಲಿಲ್ಲ.

ಮರುದಿನ ಬೆಳಿಗ್ಗೆ ಮೊದಲ ಬಸ್ಸು ಹತ್ತಿ ಮೇಸ್ತ್ರಿಯ ಊರಿಗೆ ಹೋದ. ಬಾಗಿಲಲ್ಲಿ ಮೇಸ್ತ್ರಿ ಚಪ್ಪಲಿ ಮೆಟ್ಟುತ್ತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟಿದ್ದರು. ಬಹಳ ಮುದುಕರಾಗಿದ್ದರು. ಇವನನ್ನು ನೋಡಿ ಬಾಗಿಲ ಚೌಕಟ್ಟು ಹಿಡಿದುಕೊಂಡರು.

"ಟಿ.ವಿ.ಯಲ್ಲಿ ತೋರಿಸಿದರಲ್ಲ" ಎಂದರು.

"ಸುಳ್ಳು ತೋರಿಸಿದರು, ಮೇಸ್ತ್ರಿ."

ಅವರು ಮೆಟ್ಟಿಲ ಮೇಲೆ ಕುಳಿತುಬಿಟ್ಟರು. "ನಿನ್ನ ಮಣ್ಣಿಗೇ ಹೊರಟಿದ್ದೆ ಕಣೋ" ಎಂದರು.

ತಿಪ್ಪೇಸ್ವಾಮಿ ಕೆಳಗಿನ ಮೆಟ್ಟಿಲಲ್ಲಿ ಕುಳಿತ. ಬಸ್ಸಿನಲ್ಲಿ ಅವನು ಜೋಡಿಸಿಕೊಂಡಿದ್ದ ಮಾತುಗಳಲ್ಲಿ ಹೆಚ್ಚಿನವು ಮರೆತುಹೋದವು. ಉಳಿದಷ್ಟನ್ನು ಹೇಳಿದ.

"ಅವತ್ತು ನೀವು ಹೊಡೆದದ್ದನ್ನು ಇಪ್ಪತ್ತೈದು ವರ್ಷ ನೆನಪಿಟ್ಟುಕೊಂಡೆ. ಉಳಿಸಿದ್ದನ್ನು ನೆನಪಿಟ್ಟುಕೊಳ್ಳಲಿಲ್ಲ. ಆಮೇಲೆ ನಾನು ಉಂಡ ಅನ್ನ, ನನ್ನ ಇಬ್ಬರು ಹೆಣ್ಣುಮಕ್ಕಳು, ಎಲ್ಲ ನಿಮ್ಮಿಂದ. ಅಷ್ಟು ಹೇಳಿ ಹೋಗೋಣ ಅಂತ ಬಂದೆ."

ಮೇಸ್ತ್ರಿ ಮೆಟ್ಟಿದ್ದ ಚಪ್ಪಲಿ ಕಳಚಿ ಪಕ್ಕಕ್ಕಿಟ್ಟರು.

"ನಿನಗೆ ಹೊಡೆದ ಮೇಲೆ ನನ್ನ ಕೈ ಸಂಜೆಯವರೆಗೂ ನಡುಗುತ್ತಿತ್ತು. ಅದು ಸಿಟ್ಟಿಗಲ್ಲ" ಎಂದರು.

ಆಮೇಲೆ ಬಿಳಿ ಅಂಗಿ ಬಿಚ್ಚಿ ಗೂಟಕ್ಕೆ ಹಾಕಿ, ತಟ್ಟೆ ಎರಡು ಇಡಮ್ಮ ಎಂದು ಸೊಸೆಗೆ ಕೂಗಿ ಹೇಳಿದರು.

ಅಂದಿನಿಂದ ತಿಂಗಳಿಗೊಮ್ಮೆ ತಿಪ್ಪೇಸ್ವಾಮಿ ಅಲ್ಲಿಗೆ ಹೋಗಿ ಬರುತ್ತಿದ್ದ. ನಾಲ್ಕು ವರ್ಷಗಳ ನಂತರ ಮೇಸ್ತ್ರಿ ತೀರಿಕೊಂಡರು. ಮಣ್ಣಿಗೆ ಬಂದವರೆಲ್ಲ ಅವರ ಒಳ್ಳೆಯತನವನ್ನು ಹೇಳಿ ಹೇಳಿ ಅತ್ತರು. ತಿಪ್ಪೇಸ್ವಾಮಿಯೂ ಅತ್ತ. ಆದರೆ ಏನೂ ಹೇಳಲಿಲ್ಲ. ಹೇಳುವುದು ಏನೂ ಉಳಿದಿರಲಿಲ್ಲ.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು.

"ತಿಳಿಯಿತು ಗುರುಗಳೇ," ಎಂದ ಶಿಷ್ಯ. "ಎದುರಿಗಿದ್ದವನು ಸತ್ತ ಎಂದು ನಂಬಿದ ಮೇಲೆಯೇ ಈ ಜನಕ್ಕೆ ನಿಜ ಬಾಯಿಗೆ ಬರುವುದು."

"ಜನರ ಮಾತಿರಲಿ," ಎಂದರು ಗುರುಗಳು, "ನೀನು ಯಾರ ಸಾವಿಗೆ ಕಾಯುತ್ತಿದ್ದೀಯೆ?"