ಹತ್ತೊಂಬತ್ತು ವರ್ಷದ ರಿಪೇರಿ

ಶಿಷ್ಯನೊಬ್ಬ ಗುರುಗಳನ್ನು ಕೇಳಿದ: "ಹಿಂದೆ ಒಬ್ಬರಿಗೆ ಅನ್ಯಾಯ ಮಾಡಿದ್ದೇನೆ, ಗುರುಗಳೇ. ಅದಕ್ಕಾಗಿ ಆರು ವರ್ಷದಿಂದ ಒಪ್ಪೊತ್ತು ಉಣ್ಣುತ್ತಿದ್ದೇನೆ, ಜಪ ಮಾಡುತ್ತಿದ್ದೇನೆ, ಮಠದ ಅಂಗಳ ಗುಡಿಸುತ್ತಿದ್ದೇನೆ. ಆದರೂ ಮನಸ್ಸು ಹಗುರವಾಗಿಲ್ಲ. ಇನ್ನೂ ಎಷ್ಟು ಮಾಡಬೇಕು?"

ಗುರುಗಳು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಮೆಕ್ಯಾನಿಕ್ ಇದ್ದ. ಅವನ ಗೆಳೆಯ ಬೈಕ್ ರೇಸಿನ ಸವಾರ. ಇಬ್ಬರೂ ಒಂದೇ ಬೀದಿಯಲ್ಲಿ ಬೆಳೆದವರು. ಸವಾರನ ಬಳಿ ರೇಸಿನ ಬೈಕೊಂದಿತ್ತು. ಓಡಿಸುವುದು ಅವನ ಕೆಲಸ, ಸಿದ್ಧ ಮಾಡಿ ಕೊಡುವುದು ಮೆಕ್ಯಾನಿಕ್‌ನ ಕೆಲಸ. ಗಾಡಿ ಹತ್ತುವ ಮುಂಚೆ ಸವಾರ ಒಂದು ನಟ್ಟನ್ನೂ ಮುಟ್ಟಿ ನೋಡುತ್ತಿರಲಿಲ್ಲ. ಗೆಳೆಯ ನೋಡಿದ್ದಾನೆ ಎಂದರೆ ಅವನಿಗೆ ಅಷ್ಟೇ ಸಾಕು.

ಒಂದು ರೇಸಿನ ದಿನ ಬೆಳಿಗ್ಗೆ ಮೆಕ್ಯಾನಿಕ್ ಚೈನನ್ನು ಬಿಚ್ಚಿ ಸ್ವಚ್ಛ ಮಾಡಿ ಮತ್ತೆ ಹಾಕಿದ. ಚೈನಿನ ಎರಡು ತುದಿಗಳನ್ನು ಕೂಡಿಸಿ ಹಿಡಿಯುವ ಲಾಕ್ ಸಡಿಲವಾಗಿತ್ತು. ಉಗುರಿನಷ್ಟು ಸಣ್ಣ ತಗಡಿನ ತುಂಡು ಅದು. ಹೊಸದು ಪೆಟ್ಟಿಗೆಯಲ್ಲಿಯೇ ಇತ್ತು. ಆದರೆ ಗಾಡಿಗಳನ್ನು ಸಾಲಿಗೆ ಕರೆಯತೊಡಗಿದ್ದರು. ಇದೊಂದು ರೇಸಿಗೆ ತಡೆದೀತು ಎಂದುಕೊಂಡು ಹಳೆಯದನ್ನೇ ಒತ್ತಿ ಕೂರಿಸಿದ.

ನಾಲ್ಕನೆಯ ಸುತ್ತಿನ ತಿರುವಿನಲ್ಲಿ ಚೈನು ಕಳಚಿ ಹಿಂದಿನ ಚಕ್ರಕ್ಕೆ ಸಿಕ್ಕಿಕೊಂಡಿತು. ಸವಾರ ಬಿದ್ದ. ಅವನ ಎಡಗಾಲಿನ ಮಂಡಿ ಪುಡಿಯಾಯಿತು.

ಮೆಕ್ಯಾನಿಕ್ ಓಡಿ ಹೋಗಿ ಮೊದಲು ನೋಡಿದ್ದು ಚೈನನ್ನು. ಲಾಕ್ ಇರಲಿಲ್ಲ. ಬಿದ್ದ ಹೊಡೆತಕ್ಕೆ ಚೈನು ಕಿತ್ತುಹೋಗಿದೆ ಎಂದು ಪಕ್ಕದಲ್ಲಿ ಯಾರೋ ಅಂದರು. ಅವನು ಅಲ್ಲವೆನ್ನಲಿಲ್ಲ.

ಸವಾರ ತಿರುವಿನಲ್ಲಿ ಅತಿ ವೇಗ ಮಾಡಿದ ಎಂದು ಊರೆಲ್ಲ ಮಾತಾಯಿತು. ಆಸ್ಪತ್ರೆಯಲ್ಲಿ ಸವಾರನ ತಂದೆ ಮಂಚದ ಪಕ್ಕ ನಿಂತು, "ನಿನ್ನ ಅವಸರವೇ ನಿನ್ನ ಕಾಲು ತಿಂದಿತು" ಎಂದರು. ಮೆಕ್ಯಾನಿಕ್ ಮಂಚದ ಇನ್ನೊಂದು ಪಕ್ಕದಲ್ಲಿದ್ದ. ನಾಲಿಗೆಯ ತುದಿಗೆ ಬಂದ ಮಾತನ್ನು ನುಂಗಿಕೊಂಡ. ಸವಾರ ಗೋಡೆಯ ಕಡೆ ಹೊರಳಿ ಗೆಳೆಯನಿಗೆ, ಗಾಡಿಯನ್ನು ನೀನೇ ಇಟ್ಟುಕೋ, ನನ್ನ ಕಣ್ಣಿಗೆ ಬೀಳುವುದು ಬೇಡ ಎಂದ.

ಕಾಲು ಮೊದಲಿನಂತಾಗಲಿಲ್ಲ. ಸವಾರ ತಂದೆಯೊಡನೆ ದೂರದ ಊರಿಗೆ ಹೋಗಿ ಹಿಟ್ಟಿನ ಗಿರಣಿ ಇಟ್ಟುಕೊಂಡ.

ಇತ್ತ ಮೆಕ್ಯಾನಿಕ್‌ಗೆ ಊಟ ರುಚಿಸಲಿಲ್ಲ. ಹೋಗಿ ನಿಜ ಹೇಳಬೇಕು ಎಂದು ದಿನವೂ ಅಂದುಕೊಂಡ. ಬರಿಗೈಯಲ್ಲಿ ಹೋಗುವ ಧೈರ್ಯ ಬರಲಿಲ್ಲ. ಆ ಬೆಳಿಗ್ಗೆ ಗಾಡಿ ಹೇಗಿತ್ತೋ ಹಾಗೆಯೇ ಮಾಡಿ, ಅದನ್ನು ಅವನ ಮುಂದೆ ನಿಲ್ಲಿಸಿ ಎಲ್ಲವನ್ನೂ ಹೇಳುತ್ತೇನೆ ಎಂದು ನಿಶ್ಚಯಿಸಿದ.

ಸೊಟ್ಟಗಾದ ಚಾಸಿಯನ್ನು ನೆಟ್ಟಗೆ ಮಾಡಿಸಿದ. ಎಂಜಿನ್ ಬಿಚ್ಚಿದ. ಅಷ್ಟರಲ್ಲಿ ಕಂಪನಿಯಲ್ಲಿ ಆ ಮಾದರಿಯ ಬೈಕ್ ತಯಾರಾಗುವುದೇ ನಿಂತುಹೋಯಿತು. ಪಿಸ್ಟನ್ ರಿಂಗಿಗಾಗಿ ಕೊಯಮತ್ತೂರಿನ ಗುಜರಿ ಅಂಗಡಿಗಳನ್ನು ಅಲೆದ. ಎಲ್ಲಿಯೂ ಸಿಗದ ಭಾಗಗಳನ್ನು ಲೇತ್‌ನಲ್ಲಿ ಮಾಡಿಸಿದ. ಮುಂದಿನ ಚಕ್ರ ಹಿಡಿಯುವ ಫೋರ್ಕು ಸರಿಯಾಗುವಷ್ಟರಲ್ಲಿ ಕಾರ್ಬುರೇಟರಿನ ರಬ್ಬರು ಬಿರುಕು ಬಿಟ್ಟಿತು. ರಬ್ಬರು ಬದಲಿಸುವಷ್ಟರಲ್ಲಿ ಟ್ಯಾಂಕಿನೊಳಗೆ ತುಕ್ಕು. ಹಳೆಯ ಗಾಡಿಯ ಕೆಲಸ ಮುಗಿಯುವಂಥದ್ದಲ್ಲ. ಮುಗಿಯದೆ ಇರುವುದೇ ಅವನಿಗೆ ಒಳಗೊಳಗೆ ನೆಮ್ಮದಿಯಾಗಿತ್ತು. ಒಂದು ಸಲ ಹೋಗಿ ಮಾತಾಡಿಸಿಕೊಂಡು ಬರಬಾರದೇ ಎಂದು ಹೆಂಡತಿ ಕೇಳಿದರೆ, ಬ್ರೇಕಿನದೊಂದು ಬಾಕಿ ಇದೆ ಎನ್ನುತ್ತಿದ್ದ.

ಹದಿನಾರನೆಯ ವರ್ಷ ಸವಾರನ ತಂದೆ ತೀರಿಕೊಂಡ ಸುದ್ದಿ ಬಂತು. ಅಂದು ಮೆಕ್ಯಾನಿಕ್ ಟ್ಯಾಂಕಿಗೆ ಬಣ್ಣ ಹೊಡೆದಿದ್ದ. ಬಣ್ಣ ಒಣಗಲಿ, ಆಮೇಲೆ ಹೋದರಾಯಿತು ಎಂದುಕೊಂಡ. ಬಣ್ಣ ಎರಡು ದಿನದಲ್ಲಿ ಒಣಗಿತು. ಅವನು ಹೋಗಲಿಲ್ಲ.

ಹತ್ತೊಂಬತ್ತನೆಯ ವರ್ಷ ಗಾಡಿ ಸಿದ್ಧವಾಯಿತು. ಎರಡು ವಾರ ಹುಡುಕಿದರೂ ಅದರಲ್ಲಿ ಅವನಿಗೆ ಒಂದು ಕುಂದೂ ಸಿಗಲಿಲ್ಲ. ಆಗ ಅವನಿಗೆ ಭಯವಾಯಿತು. ಹೋಗದಿರಲು ಇನ್ನು ಕಾರಣವೇ ಉಳಿದಿರಲಿಲ್ಲ. ಗಾಡಿಯನ್ನು ಟೆಂಪೋಗೆ ಏರಿಸಿಕೊಂಡು ಹೊರಟ.

ಗಿರಣಿಯ ಮುಂದೆ ಗಾಡಿ ಇಳಿಸಿದಾಗ ಸವಾರ ಕೋಲೂರಿಕೊಂಡು ಹೊರಗೆ ಬಂದ. ಹುಬ್ಬಿನ ಮೇಲೆಲ್ಲ ಹಿಟ್ಟು. "ಯಾಕೋ, ಇಷ್ಟು ವರ್ಷ ಈ ಕಡೆ ತಲೆ ಹಾಕಲಿಲ್ಲ?" ಎಂದ. ಮೆಕ್ಯಾನಿಕ್ ನಿಂತಲ್ಲಿಯೇ ಎಲ್ಲವನ್ನೂ ಹೇಳಿದ. ಲಾಕ್ ಸಡಿಲವಿದ್ದದ್ದು, ಹೊಸದು ಪೆಟ್ಟಿಗೆಯಲ್ಲಿದ್ದದ್ದು, ತಾನು ಬಾಯಿ ಬಿಡದೆ ಉಳಿದದ್ದು, ಯಾವುದನ್ನೂ ಮುಚ್ಚಿಡಲಿಲ್ಲ.

ಸವಾರ ಕಟ್ಟೆಯ ಮೇಲೆ ಮೆಲ್ಲಗೆ ಕುಳಿತ. ಗಾಡಿಯ ಕಡೆ ತಿರುಗಿಯೂ ನೋಡಲಿಲ್ಲ.

"ಹಾಗಾದರೆ ತಪ್ಪು ನನ್ನದಲ್ಲ," ಎಂದ. ಕೋಲನ್ನು ಪಕ್ಕಕ್ಕಿಟ್ಟು ಹೇಳಿದ: "ಆ ತಿರುವನ್ನು ನಾನು ದಿನಾ ಮನಸ್ಸಿನಲ್ಲಿ ಓಡಿಸುತ್ತಿದ್ದೆ ಕಣೋ. ಎಲ್ಲಿ ತಪ್ಪಿದೆ ಅಂತ ಹುಡುಕುತ್ತಿದ್ದೆ. ಅಪ್ಪ ಕೊನೆಯ ದಿನವೂ ನನ್ನ ಕೈ ಹಿಡಿದು ಹೇಳಿದ್ದು ಒಂದೇ ಮಾತು, ಇನ್ನಾದರೂ ಅವಸರ ಮಾಡಬೇಡಪ್ಪ ಅಂತ. ನೀನು ಒಂದು ಕಾರ್ಡು ಬರೆದು ಹಾಕಿದ್ದರೆ ಸಾಕಿತ್ತು."

ಮೆಕ್ಯಾನಿಕ್ ಕಾಲು ಹಿಡಿಯಲು ಬಗ್ಗಿದ. ಸವಾರ ಅವನ ಭುಜ ಹಿಡಿದು ಎತ್ತಿದ, ಬೈಯಲಿಲ್ಲ, ಒಳಗೆ ಬಾ ಎಂದೂ ಕರೆಯಲಿಲ್ಲ. ಜೋಳ ತಂದವರು ಕಾಯುತ್ತಿದ್ದರು. ಕೋಲೂರಿಕೊಂಡು ಒಳಗೆ ಹೋಗಿ ಗಿರಣಿಯ ಗುಂಡಿ ಒತ್ತಿದ. ಆ ಸದ್ದಿನಲ್ಲಿ ಮಾತಾಡುವುದು ಸಾಧ್ಯವಿರಲಿಲ್ಲ. ಮೆಕ್ಯಾನಿಕ್ ಅದು ನಿಲ್ಲುವವರೆಗೂ ಹೊರಗೆ ನಿಂತಿದ್ದ. ಸದ್ದು ನಿಂತ ಮೇಲೂ ಸವಾರ ಹೊರಗೆ ಬರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ, "ಅಷ್ಟು ಕಷ್ಟಪಟ್ಟು ಸರಿಮಾಡಿದ ಆ ಬೈಕು ಆಮೇಲೆ ಏನಾಯಿತು, ಗುರುಗಳೇ?" ಎಂದು ಕೇಳಿದ.

ಗುರುಗಳು ಹೇಳಿದರು: "ನೀನೂ ಬೈಕನ್ನೇ ವಿಚಾರಿಸಿದೆ, ಸವಾರನನ್ನಲ್ಲ."