ಕಲ್ಲಿನ ರಾಶಿ ಕಾದವನು

"ಗುರುಗಳೇ, ನಾಡಿನ ಎಲ್ಲ ಪ್ರಾಂತಗಳ ಪಾಲು ಒಂದೆಡೆ ಸೇರಿದೆ. ಅಣೆಕಟ್ಟು, ಸೇತುವೆ, ಹೆದ್ದಾರಿಗಳಿಗೆಂದು ಒಂದೇ ನಿಧಿ. ಅದರ ಕಾವಲಿಗೆ ದೊರೆ ನನ್ನನ್ನು ಕರೆದಿದ್ದಾನೆ. ಒಂದು ಕಾಸೂ ಅತ್ತಿತ್ತ ಆಗದಂತೆ ಹೇಗೆ ಕಾಯಲಿ?" ಎಂದು ಶಿಷ್ಯ ಕೇಳಿದ.

ಗುರು ಹೇಳಿದರು:

ಹೊಳೆಯ ಈಚೆ ದಡದಲ್ಲಿ ಐದು ಊರುಗಳಿದ್ದವು. ಮಳೆಗಾಲದಲ್ಲಿ ದೋಣಿ ನಡೆಯುತ್ತಿರಲಿಲ್ಲ. ಒಂದೊಂದು ಊರೂ ತನ್ನ ಪಾಡಿಗೆ ಮರದ ದಿಮ್ಮಿ ಹಾಸಿ ನೋಡಿತ್ತು. ಹೊಳೆ ಎಲ್ಲವನ್ನೂ ಒಯ್ದಿತ್ತು. ಕೊನೆಗೆ ಐದೂ ಊರಿನವರು ಕೂತು ಮಾತಾಡಿದರು. ಕಲ್ಲಿನ ಸೇತುವೆಯೇ ಆಗಬೇಕು. ಅದು ಒಂದು ಊರಿನ ಕೈಲಾಗುವ ಕೆಲಸವಲ್ಲ. ಸಂತೆ ಮುಗಿಸಿ ಖಾಲಿ ಬರುವ ಪ್ರತಿ ಗಾಡಿ ಗುಡ್ಡದಿಂದ ಒಂದು ಕಲ್ಲು ತಂದು ದಡಕ್ಕೆ ಹಾಕಬೇಕು ಎಂದು ಒಪ್ಪಿದರು. ಒಪ್ಪಿದಂತೆ ತಂದರು. ಯಾರಿಗೂ ಭಾರವಾಗಲಿಲ್ಲ.

ರಾಶಿಗೆ ಒಬ್ಬ ಕಾವಲುಗಾರನನ್ನು ಇಟ್ಟರು. ಪ್ರಾಮಾಣಿಕ. ಆದರೂ ಕಲ್ಲುಗಳು ಹೋಗುತ್ತಿದ್ದವು. ಒಬ್ಬನಿಗೆ ಬಟ್ಟೆ ಒಗೆಯಲು ಬೇಕು, ಒಬ್ಬನಿಗೆ ಮನೆಯ ಮೆಟ್ಟಿಲಿಗೆ ಬೇಕು.

"ಒಂದೇ ಒಂದು ಕಲ್ಲಪ್ಪ. ನಿನ್ನ ಗಂಟೇನು ಹೋಗುತ್ತೆ?" ಎನ್ನುವರು.

ಬೈದು ನೋಡಿದ. ನಾಯಿ ಕಟ್ಟಿ ನೋಡಿದ. ಕಡೆಗೊಂದು ಬೆಳಿಗ್ಗೆ ಹೆಂಡತಿಯ ಭರಣಿಯಿಂದ ಕುಂಕುಮ ತಂದು ಮೇಲಿನ ಕಲ್ಲಿಗೆ ಬಳಿದ.

ಅಂದಿನಿಂದ ಒಂದು ಕಲ್ಲೂ ಕದಲಲಿಲ್ಲ.

ಸೋಮವಾರ ಯಾರೋ ದೀಪ ಹಚ್ಚಿದರು. ಮುಂದೆ ಗಂಟೆ ಬಂತು. ರಾಶಿಯಪ್ಪ ಎಂದು ಹೆಸರಾಯಿತು. ಕಳೆದ ಎಮ್ಮೆ ಸಿಕ್ಕವರು ಕಾಯಿ ಒಡೆದರು. ಒಡೆದ ಕಾಯಿಯಲ್ಲಿ ಒಂದು ಹೋಳು ಕಾವಲುಗಾರನ ಮನೆಗೆ ಹೋಗುತ್ತಿತ್ತು.

ಕಲ್ಲುಕುಟಿಗ ಬಂದು ರಾಶಿ ನೋಡಿದ. "ಸಾಕು. ಎರಡು ಬೇಸಿಗೆ ಕೊಡಿ, ಸೇತುವೆ ನಿಲ್ಲಿಸುತ್ತೇನೆ" ಎಂದ.

ಒಬ್ಬ ಮುದುಕಿ ಅಡ್ಡ ನಿಂತಳು. "ದೇವರ ಮೈಮೇಲೆ ಗಾಡಿ ಹೊಡೆಸ್ತೀಯೇನೋ, ಮುಟ್ಟಾಳ?"

ಊರಿನವರು ಅವಳ ಹಿಂದೆ ನಿಂತರು. ಕಾವಲುಗಾರ ಬಾಯಿಬಿಡಲಿಲ್ಲ. ಕಲ್ಲುಕುಟಿಗ ಉಳಿ ಸುತ್ತಿಕೊಂಡು ಹೋದ.

ಎರಡು ವರ್ಷ ಹೋಯಿತು. ಕಾವಲುಗಾರ ಮಗಳನ್ನು ಆಚೆ ದಡದ ಊರಿಗೆ ಕೊಟ್ಟ. ಅವಳು ಬಸುರಿಯಾದಳು. ಏಳನೇ ತಿಂಗಳಿಗೆ ತವರಿಗೆ ಕರೆತರುವುದು ವಾಡಿಕೆ. ಅದಕ್ಕೆ ಮೊದಲು ಬೀಗರು ಕಳಿಸರು. ಏಳನೇ ತಿಂಗಳು ಆಷಾಢಕ್ಕೆ ಬೀಳುತ್ತಿತ್ತು. ಆಷಾಢಕ್ಕೆ ಹೊಳೆ ತುಂಬಿರುತ್ತದೆ. ಬಲ್ಲ ಸೂಲಗಿತ್ತಿ ಇದ್ದದ್ದು ಈಚೆ ದಡದಲ್ಲಿ ಮಾತ್ರ.

ಕಲ್ಲುಕುಟಿಗ ಕೇಳಿದ್ದ ಎರಡು ಬೇಸಿಗೆ ಆಗಲೇ ಕಳೆದುಹೋಗಿದ್ದವು. ಕಾವಲುಗಾರ ಹಿರಿಯರ ಬಳಿಗೆ ಹೋದ.

"ಅದು ದೇವರಲ್ಲ, ಗೌಡರೇ. ಕಳ್ಳರಿಗೆ ಹೆದರಿ ಕುಂಕುಮ ಬಳಿದವನು ನಾನೇ."

"ನಿನ್ನ ಕೈಲಿ ಬಳಿಸಿದವರು ಯಾರು? ಆ ರಾಶಿಯಪ್ಪನೇ!" ಎಂದ ಒಬ್ಬ ಹಿರಿಯ.

ಇನ್ನೊಬ್ಬ ನಕ್ಕ. "ಇಷ್ಟು ದಿನ ಹೋಳು ತಿನ್ನುವಾಗ ಅದು ಕಲ್ಲು ಅಂತ ಹೊಳೀಲಿಲ್ವೇನಪ್ಪ ಪೂಜಾರಿ?"

ಕಾವಲುಗಾರ ಅಲ್ಲಿಂದ ಎದ್ದ. ನೇರ ದಡಕ್ಕೆ ಬಂದ. ಕುಂಕುಮದ ಕಲ್ಲನ್ನು ಎತ್ತಿದ. ಮೊಣಕಾಲುದ್ದ ನೀರಿಗೆ ಇಳಿದು ಅದನ್ನು ಇಟ್ಟ. ಅದರ ಮೇಲೆ ಹತ್ತಿ ನಿಂತ.

ಐದೂ ಊರು ದಡಕ್ಕೆ ಬಂತು. ರಕ್ತ ಕಾರುತ್ತಾನೆ ಎಂದು ಕಾದರು. ಮುದುಕಿ ಮೊದಲ ಸಾಲಿನಲ್ಲೇ ಕೂತಳು. ಸಂಜೆಯಾಯಿತು. ಅವನಿಗೆ ಹಸಿವಾಯಿತು, ಅಷ್ಟೇ.

ಮರುದಿನ ಒಬ್ಬ ರೈತ ರಾಶಿಗೆ ಕೈಮುಗಿದು ಇನ್ನೊಂದು ಕಲ್ಲು ಎತ್ತಿದ. ಅವನ ಹಿಂದೆ ಮತ್ತೊಬ್ಬ. ಕಲ್ಲುಕುಟಿಗನಿಗೆ ಹೇಳಿಕಳಿಸಿದರು. ಅಷ್ಟರಲ್ಲಿ ಮಳೆ ಹಿಡಿಯಿತು. ಕೆಲಸ ನಡೆದದ್ದು ಮುಂದಿನ ಎರಡು ಬೇಸಿಗೆಯಲ್ಲಿ. ಸೇತುವೆ ಗಟ್ಟಿಯಾಗಿ ನಿಂತಿತು. ಅದರ ಮೇಲೆ ಈಗಲೂ ಗಾಡಿಗಳು ಹೋಗುತ್ತವೆ.

ಗುರು ಕಥೆ ಮುಗಿಸಿದರು.

"ಮಗಳು ಏನಾದಳು?" ಎಂದು ಶಿಷ್ಯ ಕೇಳಿದ.

"ಮಗಳು ಆ ಮಳೆಗಾಲದಲ್ಲೇ ಹೆರಿಗೆಯಲ್ಲಿ ಹೋದಳು, ಅವಳು ಹೆತ್ತ ಮಗು ತನ್ನ ಅಪ್ಪನ ಬೆರಳು ಹಿಡಿದು ಸೇತುವೆಯ ಮೇಲೆ ತಾತನ ಮನೆಗೆ ನಡೆದು ಬಂತು."