ಅಧ್ಯಕ್ಷರ ಬಿಳಿ ಹಲ್ಲು

ಪುರಸಭೆ ಅಧ್ಯಕ್ಷ ನಾಗಭೂಷಣಪ್ಪ ಎಂಟು ಹಿಂಬಾಲಕರ ಜೊತೆ ಹಲ್ಲಿನ ಆಸ್ಪತ್ರೆಗೆ ನುಗ್ಗಿದರು. ಕೆನ್ನೆ ಊದಿ ಖುರ್ಚಿಯಲ್ಲಿ ಕೂತಿದ್ದ ಹೂ ಮಾರುವ ಸಣ್ಣಮ್ಮನನ್ನು ಎಬ್ಬಿಸಿ ತಾವೇ ಒರಗಿದರು.

"ಸಂಜೆ ನನಗೆ ಸನ್ಮಾನ! ಹಲ್ಲು ಈ ಅಂಗಿಯಷ್ಟು ಬೆಳ್ಳಗಾಗಬೇಕು, ಈಗಲೇ! ಎಪ್ಪತ್ತು ವರ್ಷವಾದರೂ ಒಂದು ಹಲ್ಲು ಅಲುಗಾಡಿಲ್ಲ. ಎಲ್ಲಾ ಸ್ವಂತದ್ದು!"

"ಎಲ್ಲಾ ಸ್ವಂತದ್ದು!" ಎಂದರು ಹಿಂಬಾಲಕರು.

ಡಾಕ್ಟರು ಬೆವರಿದರು. ನರ್ಸಮ್ಮ ಮಾತ್ರ ಟಾರ್ಚ್ ಹಿಡಿದು ಅಧ್ಯಕ್ಷರ ಬಾಯೊಳಗೆ ಇಣುಕಿದಳು. ಮುಂದಿನ ನಾಲ್ಕು ಹಲ್ಲು ಕಟ್ಟಿಸಿದ್ದು!

"ಅಯ್ಯೋ, ಅದಕ್ಕೇನು ಸಾರ್!" ಎಂದಳು ಗಟ್ಟಿಯಾಗಿ. "ಎರಡು ವಿಧ ಇದೆ. ಇಲ್ಲೇ ಔಷಧಿ ಹಚ್ಚಿ ಲೈಟ್ ಹಿಡಿದರೆ ಒಂದೇ ಗಂಟೆ. ಮನೆಯಲ್ಲಿ ಔಷಧಿ ತುಂಬಿದ ಅಚ್ಚಿನಂಥ ಟ್ರೇ ಹಲ್ಲಿಗೆ ಹಾಕಿಕೊಂಡರೆ ಹದಿನೈದು ದಿನ. ಎರಡರಲ್ಲೂ ಔಷಧಿ ಬಲು ಪ್ರಾಮಾಣಿಕ ಸಾರ್. ಸ್ವಂತ ಹಲ್ಲನ್ನಷ್ಟೇ ಬೆಳ್ಳಗೆ ಮಾಡುತ್ತೆ. ಕಟ್ಟಿಸಿದ್ದು ಹಳದಿಯಾಗೇ ಉಳಿಯುತ್ತೆ. ಹತ್ತಿರ ಬನ್ನಿ ಅಣ್ಣಂದಿರಾ, ಎಲ್ಲರೂ ನೋಡೋರಂತೆ!"

ಎಂಟು ತಲೆಗಳು ಖುರ್ಚಿಯ ಮೇಲೆ ಬಗ್ಗಿದವು. ಅಧ್ಯಕ್ಷರ ಬಾಯಿ ಫಟ್ಟೆಂದು ಮುಚ್ಚಿತು.

ಅವರು ನರ್ಸಮ್ಮನ ಕಿವಿಯಲ್ಲಿ ಪಿಸುಗುಟ್ಟಿದರು. "ಮೂರನೇ ವಿಧ ಇಲ್ಲವೇನಮ್ಮಾ?"

"ಇದೆ ಸಾರ್," ಅವಳೂ ಪಿಸುಗುಟ್ಟಿದಳು. "ಬಾಯಿ ಮುಚ್ಚಿಕೊಂಡು ನಗೋದು."

ಅಧ್ಯಕ್ಷರು ಧಡಕ್ಕನೆ ಎದ್ದರು. "ನನ್ನದಿರಲಿ ಬಿಡಿ, ಮೊದಲು ಬಡವರ ಹಲ್ಲು!" ಎಂದು ಸಣ್ಣಮ್ಮನನ್ನು ತಾವೇ ಕೈ ಹಿಡಿದು ಕೂರಿಸಿದರು.

ಎಂಟು ಜನ ಹಿಂಬಾಲಕರೂ ಕಟ್ಟಡ ನಡುಗುವ ಹಾಗೆ ಜೈಕಾರ ಹಾಕಿದರು.

ಅಧ್ಯಕ್ಷರು ನಕ್ಕರು. ಬಾಯಿ ಮುಚ್ಚಿಕೊಂಡು.